ಯುದ್ಧದ ವರ್ಷದ ಕಾರ್ಡು

"ಒಂಬತ್ತು ಹಿಟ್ ಹಾಕು ಕಣಯ್ಯ. ನಿಮ್ಮಪ್ಪನ ಹುಟ್ಟುಹಬ್ಬಕ್ಕೆ ಕೊಡೋ ಕಾರ್ಡು," ಅಂದ ರೇ ಪೋಲ್ಮನ್. "ಹತ್ತು ಹಾಕಿದ್ರೂ ನಮ್ಮಲ್ಲಿ ಯಾರೂ ಕೇಳಲ್ಲ."

ಗ್ಲೆನ್ ಡಾರ್ಸ್ಟನ್ ಪೆನ್ಸಿಲಿನ ಮೊನೆ ಚೂಪು ಮಾಡುತ್ತಾ, "ನೋಡೋಣ ಬಿಡು," ಅಂದ.

ಲೈಮಾ ಊರಿನ ಈ ಆರು ಜನ ಗಂಡಸರು ಶನಿವಾರ ಮಧ್ಯಾಹ್ನ ಗ್ಲೆನ್‌ನ ಕಾರ್ ಶೆಡ್ಡಿನಲ್ಲಿ ಸೇರಿ, ದಾಳ ಉರುಳಿಸಿ ಬೇಸ್‌ಬಾಲ್ ಆಡುತ್ತಿದ್ದುದು ಹೆಂಡತಿಯರ ಬೈಗುಳಕ್ಕೂ ಹಳತಾಗಿ ಹೋದ ಸಂಗತಿ. ಮೈದಾನದಲ್ಲಿ ನಿಜವಾಗಿ ಆಡಿದ ಒಬ್ಬೊಬ್ಬ ಆಟಗಾರನಿಗೂ ಒಂದು ಕಾರ್ಡು, ಕಾರ್ಡಿನಲ್ಲಿ ಮೂವತ್ತಾರು ಸಾಲು. ಕೆಂಪು ದಾಳ, ಬಿಳಿ ದಾಳ ಬಿದ್ದ ಪ್ರಕಾರ ಯಾವುದೋ ಒಂದು ಸಾಲು. ಅಲ್ಲಿ ಹಿಟ್ ಅಂತ ಬರೆದಿದ್ದರೆ ಹಿಟ್, ಔಟ್ ಅಂತಿದ್ದರೆ ಔಟ್. ಸತ್ತವರೂ ಇದ್ದವರೂ ಒಂದೇ ಮೇಜಿನ ಮೇಲೆ ಆಡಬೇಕಲ್ಲ, ಹಾಗಾಗಿ ಕಾಲಕಾಲಗಳನ್ನು ಸರಿತೂಗಿಸುವ ಕೆಲಸ ಗ್ಲೆನ್‌ನದು. 1930ರಲ್ಲಿ ದಾರಿಹೋಕನೂ ಚೆಂಡು ಬಾರಿಸುತ್ತಿದ್ದ, ಆ ವರ್ಷದವರ ಹಿಟ್ಟುಗಳಲ್ಲಿ ಕಡಿತ. 1968ರಲ್ಲಿ ಚೆಂಡೆಸೆಯುವ ಪಿಚರ್‌ಗಳು ಯಾರನ್ನೂ ತಲೆಯೆತ್ತಗೊಡಲಿಲ್ಲ, ಆ ವರ್ಷ ಬ್ಯಾಟು ಹಿಡಿದವರಿಗೆ ಒಂದಿಷ್ಟು ಕೊಡುಗೆ. ಇದೆಲ್ಲ ಲೆಕ್ಕಕ್ಕೆ ಸಿಗುವ ವಿಷಯ. ಗ್ಲೆನ್ ದಾಕ್ಷಿಣ್ಯದ ಮನುಷ್ಯನಲ್ಲ ಎಂದು ಎಲ್ಲರೂ ಅವನ ಕಾರ್ಡನ್ನು ಕಣ್ಣುಮುಚ್ಚಿ ನಂಬುತ್ತಿದ್ದರು.

ಲೆಕ್ಕಕ್ಕೆ ಸಿಗದೆ ಉಳಿದದ್ದು ಯುದ್ಧದ ವರ್ಷಗಳು. ಒಳ್ಳೆಯ ಆಟಗಾರರೆಲ್ಲ ಸೈನ್ಯಕ್ಕೆ ಹೋಗಿದ್ದರು. ವಯಸ್ಸಾದವರು, ಚಪ್ಪಟೆ ಪಾದದವರು, ಮೀಸೆ ಚಿಗುರದವರು ಸೇರಿ ಮೈದಾನ ತುಂಬಿಸಿದ್ದರು. ಅಂಥವರ ಎದುರು ಹೊಡೆದ ಹಿಟ್ಟಿಗೆ ಎಷ್ಟು ಬೆಲೆ? ಅದನ್ನು ಕಾರ್ಡು ಮಾಡುವವನ ಮನಸ್ಸಾಕ್ಷಿಯೇ ಹೇಳಬೇಕು.

ಗ್ಲೆನ್‌ನ ಅಪ್ಪ ವರ್ಜಿಲ್ ಆಡಿದ್ದು 1945ರಲ್ಲಿ. ಕಿವಿ ತಮಟೆಯಲ್ಲಿ ತೂತಿದೆಯೆಂದು ಸೈನ್ಯ ಬೇಡವೆಂದಿತು, ಒಂದು ಬಡ ತಂಡ ಬಾ ಎಂದಿತು. ಆ ಬೇಸಿಗೆ ಹತ್ತು ಸಲ ಬ್ಯಾಟು ಹಿಡಿದರೆ ಮೂರು ಸಲ ಹೊಡೆದ. ದೊಡ್ಡ ದೊಡ್ಡವರೇ ಅಷ್ಟು ಹೊಡೆದರೆ ಬೀಗುತ್ತಾರೆ. ಮುಂದಿನ ವಸಂತಕ್ಕೆ ಸೈನಿಕರು ವಾಪಸ್ಸು ಬಂದರು, ವರ್ಜಿಲ್ ಮನೆಗೆ ಬಂದ. ಉಳಿದ ಆಯುಷ್ಯವನ್ನೆಲ್ಲ ಎಣ್ಣೆ ಕಾರ್ಖಾನೆಯ ಪೈಪುಗಳ ನಡುವೆ ಕಳೆದರೂ ಕ್ಷೌರದಂಗಡಿಯಲ್ಲಿ ಅವನ ಬಾಯಲ್ಲಿ ಆ ಒಂದೇ ಬೇಸಿಗೆ. ಅದನ್ನು ಬಿಟ್ಟರೆ ಮುದುಕನ ಹತ್ತಿರ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ಮಗನ ಬಗ್ಗೆ ಹೇಳಲು ಮಾತ್ರ ಒಂದು ಕಥೆಯಿತ್ತು. ಹೈಸ್ಕೂಲ್ ಫೈನಲ್ಲು, ತರಬೇತುದಾರ ಸ್ವತಃ ವರ್ಜಿಲ್. ಗ್ಲೆನ್‌ಗೆ ಎರಡು ಸ್ಟ್ರೈಕ್ ಬಿದ್ದಿತ್ತು, ಇನ್ನೊಂದು ಬಿದ್ದರೆ ಔಟ್. ಅಪ್ಪ ಆಟ ನಿಲ್ಲಿಸಿ, ಇಡೀ ಊರಿಗೆ ಕೇಳುವಂತೆ, "ಬಾರೋ ಈಚೆ, ನಿನ್ನ ಕೈಲಾಗಲ್ಲ," ಎಂದು ಕೂಗಿ ಅವನ ಬದಲು ದಂತವೈದ್ಯನ ಮಗನನ್ನು ಕಳಿಸಿದ. ಗ್ಲೆನ್‌ನ ಮದುವೆಯ ಊಟದಲ್ಲಿ ವರ್ಜಿಲ್ ಗ್ಲಾಸು ಎತ್ತಿ ಹೇಳಿದ್ದೂ ಇದನ್ನೇ. ಬೀಗರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಗ್ಲೆನ್ ಮೂರು ಸಂಜೆ ಲೆಕ್ಕ ಹಾಕಿದ. ಕಡಿತವಿಲ್ಲದೆ ಹನ್ನೊಂದು ಹಿಟ್ ಬರುತ್ತಿತ್ತು. ಯುದ್ಧದ ಕಡಿತ ಕಳೆದರೆ ಒಂಬತ್ತು. ತೀರಾ ಬಿಗಿ ಹಿಡಿದರೆ ಎಂಟು. ಅವನು ಆರು ಬರೆದ. ಬರೆಯುವಾಗ ಅವನಿಗೆ ಸಂತೋಷವಾಯಿತು. ಹಸಿದವನಿಗೆ ಉಂಡಾಗ ಆಗುತ್ತದಲ್ಲ, ಅಂಥ ಸಂತೋಷ.

ಶನಿವಾರ ವರ್ಜಿಲ್ ಟೈ ಕಟ್ಟಿಕೊಂಡು ಬಂದ. ತನ್ನ ಹೆಸರು ಅಚ್ಚಾಗಿದ್ದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಸಾಲುಗಳ ಗೊಡವೆಗೆ ಹೋಗದೆ, ಹೆಸರನ್ನೇ ನೋಡುತ್ತಾ ಕೂತ.

"ದಾಳ ನೀವೇ ಹಾಕಿ ಯಜಮಾನ್ರೇ," ಅಂದ ರೇ.

"ಮತ್ತೆ? ನನ್ನ ಬ್ಯಾಟು ನಿಮ್ಮ ಕೈಗೆ ಕೊಡ್ತೀನಾ?"

ಎಲ್ಲರೂ ನಕ್ಕರು. ಮೊದಲ ಸಲ ಔಟ್. "ಮೈ ಬಿಸಿಯಾಗ್ಲಿ ತಡೀರಿ," ಅಂದ. ಎರಡನೆಯದೂ ಔಟ್. ಮೂರನೆಯದಕ್ಕೆ ದಾಳದ ಮೇಲೆ ಉಸಿರೂದಿ ಹಾಕಿದ, ಔಟ್. ನಾಲ್ಕನೆಯ ಸರದಿಯೂ ಔಟ್, ಅಷ್ಟಕ್ಕೆ ಆಟವೂ ಮುಗಿಯಿತು. ಯಾರಿಗೂ ಯಾರ ಮುಖ ನೋಡುವ ಧೈರ್ಯ ಬರಲಿಲ್ಲ. ರೇ ಕಾರ್ಡಿನ ಮೇಲೊಮ್ಮೆ ಕಣ್ಣಾಡಿಸಿ, ಗ್ಲೆನ್‌ನನ್ನು ದಿಟ್ಟಿಸಿ, "ನಿನ್ನಂಥವನು ಹೀಗಾ ಮಾಡೋದು," ಎಂದಷ್ಟೇ ಹೇಳಿ ಸಾಸೇಜು ಸುಡಲು ಹಿತ್ತಿಲಿಗೆ ಹೋದ. ಉಳಿದವರೂ ಅವನ ಹಿಂದೆ ನುಸುಳಿಕೊಂಡರು.

ಅಪ್ಪ ಈಗ ಬೆರಳಿಟ್ಟು ಸಾಲು ಎಣಿಸುತ್ತಿದ್ದ.

"ಆರೇನೋ?"

"ಆರು."

"ನಾನು ಹೊಡೆದಿದ್ದಕ್ಕೆ?"

"ಆ ವರ್ಷ ಎದುರಿಗೆ ಯಾರಿದ್ರು ಅಂತ ನಿಂಗೆ ಗೊತ್ತಲ್ಲಪ್ಪ."

ಮುದುಕ ಕಾರ್ಡಿನ ಮೇಲಿಂದ ಬೆರಳು ತೆಗೆದ. "ಗೊತ್ತು ಕಣೋ. ಚೆಂಡೆಸೆಯೋ ಹುಡುಗ ಒಬ್ಬ ಇದ್ದ, ನಾನು ಹೊಡೆದ ಮೇಲೆ ಅಲ್ಲೇ ನಿಂತು ಅತ್ಬಿಟ್ಟ. ನಾನು ನಕ್ಕಿದ್ದೆ." ಆಮೇಲೆ ದಾಳ ಎತ್ತಿಕೊಂಡ. "ಆರಿದ್ರೂ ಪರವಾಗಿಲ್ಲ. ಒಂದು ಹೊಡಿತೀನಿ ನೋಡ್ತಿರು."

ಹಾಕಿದ, ಔಟ್. ಮತ್ತೆ ಹಾಕಿದ. ಒಂದು ದಾಳ ಮೇಜಿನಿಂದ ಕೆಳಗೆ ಬಿತ್ತು. ಬಗ್ಗಿ ಹುಡುಕಿ ಎದ್ದಾಗ ಮುಖ ಕೆಂಪೇರಿತ್ತು. ಗ್ಲೆನ್ ಎದ್ದು ಸಹಾಯ ಮಾಡಲಿಲ್ಲ. ಮತ್ತೆ ಹಾಕಿದ, ಮತ್ತೆ. ಟೈ ಸಡಿಲಿಸಿಕೊಂಡು ಮತ್ತೆ. ಹಿತ್ತಿಲಿನಿಂದ ಸುಟ್ಟ ಮಾಂಸದ ವಾಸನೆ ಬರತೊಡಗಿತು.

ಕೊನೆಗೊಮ್ಮೆ ಕೆಂಪು ಒಂದು, ಬಿಳಿ ಒಂದು ಬಿತ್ತು. ಮುದುಕನ ಬೆರಳು ಸಾಲಿನ ಮೇಲೆ ಹೋಗಿ ನಿಂತಿತು. ಹೋಮ್ ರನ್, ಚೆಂಡು ಮೈದಾನದಾಚೆ ಹೋಗುವ ಹೊಡೆತ, ಇಡೀ ಕಾರ್ಡಿನಲ್ಲಿ ಇದ್ದದ್ದು ಅದೊಂದೇ.

"ಹೊಡೆದೆ!" ಅಂದ. ಸಣ್ಣ ಮಗುವಿನ ಧ್ವನಿ ಬಂದಿತ್ತು. "ಬರ್ಕೊಳೋ ಗ್ಲೆನ್, ಬರ್ಕೊ!"

ಪೆನ್ಸಿಲ್ ಗ್ಲೆನ್‌ನ ಬೆರಳುಗಳ ನಡುವೆಯೇ ಇತ್ತು. ಬರೆಯಬೇಕೆಂದು ಒಂದು ಗಳಿಗೆ ಅವನಿಗೂ ಅನ್ನಿಸಿತು.

"ಆಟ ಆಗಲೇ ಮುಗೀತಲ್ಲಪ್ಪ," ಅಂದ.

ವರ್ಜಿಲ್ ತಲೆಯಾಡಿಸಿದ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮುದುಕ ತಟ್ಟನೆ ದಾಳಗಳ ಸುತ್ತ ಎರಡೂ ಅಂಗೈಗಳನ್ನು ಅಡ್ಡವಿಟ್ಟ.

"ಮುಟ್ಬೇಡ. ರೇ ಬರ್ತಿದಾನೆ. ಅವನೊಬ್ಬ ನೋಡ್ಲಿ, ಸಾಕು."

ಗ್ಲೆನ್ ಅಪ್ಪನ ಅಂಗೈ ಮೇಲಿನಿಂದ ಕೈಚಾಚಿ ಕೆಂಪು ದಾಳವನ್ನು ಎತ್ತಿದ, ಆಮೇಲೆ ಬಿಳಿಯದನ್ನು. ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ರೇ ತಟ್ಟೆ ಹಿಡಿದು ಒಳಗೆ ಬಂದಾಗ ವರ್ಜಿಲ್‌ನ ಕೈಗಳು ಇನ್ನೂ ಹಾಗೆಯೇ ಇದ್ದವು, ಬರಿಯ ಮೇಜನ್ನು ಕಾಯುತ್ತಾ.