ಗಾಡಿಯ ಹತ್ತಿರವೇ ಇರಿ

ಅಮಾವಾಸ್ಯೆಯ ಸಂಜೆ ದೀಪ ಹಚ್ಚುವುದರೊಳಗೆ ನೇಸರಿ ಊರು ಮುಟ್ಟಬೇಕೆಂದೇ ಹಾಲಸಿದ್ದ ಮೋಟರ್‌ಸೈಕಲ್ ಕೊಂಡಿದ್ದ. ಹಿಂದಿನ ಸೀಟಿನಲ್ಲಿ ಕೂರುವವರು ಯಾರೂ ಇರಲಿಲ್ಲ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಅವನ ಪಾಳಿ ಮುಗಿಯುವಷ್ಟರಲ್ಲಿ ಆ ಕಡೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು.

ನೇಸರಿಯ ಹೊಲವೊಂದರಲ್ಲಿ ಅವನ ದೊಡ್ಡಪ್ಪ ಕಾಡಪ್ಪನ ಕುರಿಹಿಂಡು ತಂಗಿತ್ತು. ಅಮಾವಾಸ್ಯೆಗೊಮ್ಮೆ ಮುದುಕ ಕುರಿ ಕೂಡಿಹಾಕಿ, ದೀಪ ಹಚ್ಚಿ, ಕುಲದೇವರು ಸಿದ್ಧನ ಹಾಡು ಹೇಳುತ್ತಾನೆ. ಅವನು ಬಿಟ್ಟ ಸಾಲನ್ನು ಹಿಡಿದು ತಿರುಗಿ ಹೇಳಲು ಮಗ್ಗುಲಲ್ಲಿ ಒಬ್ಬ ಬೇಕು. ಹಿಡಿಯುವವನಿಲ್ಲದೆ ಹಾಡು ಮುಂದಕ್ಕೆ ಹೋಗುವುದಿಲ್ಲ. ಮೀಸೆ ಮೂಡುವ ಮೊದಲಿನಿಂದ ಆ ಜಾಗ ಹಾಲಸಿದ್ದನದು. ತಂದೆ ತಾಯಿ ಹೋದರು, ಮದುವೆ ಆಗಲಿಲ್ಲ. ತನ್ನದು ಅನ್ನಲು ಅದೊಂದೇ ಉಳಿದಿತ್ತು. ಮಗ್ಗಕ್ಕೆ ಹೋದಮೇಲೆ ಅದೂ ತಪ್ಪತೊಡಗಿತ್ತು. ಈ ಸಲ ದೊಡ್ಡಪ್ಪ ಹೇಳಿ ಕಳಿಸಿದ್ದ: "ಬರಲಿಲ್ಲಂದ್ರ ಅಳಿಯ ಮಲ್ಲಾರಿನ್ನ ಕುಂದರಸ್ಕೋತೀನಿ. ಒಮ್ಮೆ ಕುಂತಾಂವನ್ನ ಮತ್ತ ಎಬ್ಬಸಾಕ ಬರಂಗಿಲ್ಲ, ತಿಳಕೋ."

ಗಡಹಿಂಗ್ಲಜ ದಾಟಿದಾಗ ಬಿಸಿಲು ಇನ್ನೂ ಕಬ್ಬಿನ ಗರಿಗಳ ಮೇಲಿತ್ತು. ಹೊತ್ತು ಸಾಕಷ್ಟಿದೆ ಎಂದು ನೀರು ಕುಡಿಯಲು ಇಳಿದ. ಹೊಸ ಗಾಡಿಯನ್ನು ಸುತ್ತಲೂ ನೋಡುವ ಆಸೆ ಬೇರೆ. ಹಿಂದಿನ ಟೈರಿನಲ್ಲಿ ಎತ್ತಿನ ಲಾಳದ ಮೊಳೆಯೊಂದು ತಲೆ ಮಾತ್ರ ಕಾಣುವಂತೆ ನಾಟಿತ್ತು. ಕಬ್ಬು ಹೇರುವ ಬಂಡಿಗಳ ದಾರಿ ಅದು. ಗಾಳಿ ಹೋಗಿರಲಿಲ್ಲ, ಟೈರು ಗಟ್ಟಿಯಾಗಿಯೇ ಇತ್ತು.

ಮುಳ್ಳು ಕಂಡರೆ ಕೀಳಬೇಕು. ಕುರಿಯ ಗೊರಸಿನಲ್ಲಿ ಅದನ್ನು ಬಿಟ್ಟು ಒಂದು ಹೆಜ್ಜೆ ನಡೆಸಬಾರದು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಕೈಗೆ ಗೊತ್ತಿತ್ತು. ಕೀಲಿಕೈಯ ಬಳೆಗೆ ನೇತುಹಾಕಿದ್ದ ಮುಳ್ಳು ಕೀಳುವ ಚಿಮಟದಿಂದ ಮೊಳೆಯನ್ನು ಹಿಡಿದು, ಅತ್ತ ಇತ್ತ ಆಡಿಸಿ ಎಳೆದ. ಸುಂಯ್ ಎಂದು ಗಾಳಿ ಬಂತು. ಹೆಬ್ಬೆರಳು ಒತ್ತಿ ಹಿಡಿದು ನೋಡಿದ, ನಿಲ್ಲಲಿಲ್ಲ. ಗಾಲಿ ನೆಲಕ್ಕೆ ಕುಸಿಯಿತು.

ಶೋರೂಮಿನವರು ಫೋನಿನಲ್ಲಿ ಹಾಕಿಕೊಟ್ಟಿದ್ದ ಸಹಾಯದ ನಂಬರಿಗೆ ಹಚ್ಚಿದ. ಆ ಕಡೆಯ ಹುಡುಗಿ ಮರಾಠಿಯಲ್ಲಿ ತನ್ನ ಹೆಸರು ಪ್ರಿಯದರ್ಶನಿ ಎಂದಳು. ಹತ್ತಿರ ಏನು ಕಾಣುತ್ತದೆ ಎಂದು ಕೇಳಿದಳು.

"ಕಬ್ಬು," ಅಂದ.

"ಇನ್ನೊಂದು ಬದಿಗೆ?"

"ಅಲ್ಲೂ ಕಬ್ಬು."

ಅವಳು ನಗಲಿಲ್ಲ. ಫೋನಿನಿಂದಲೇ ಜಾಗದ ಗುರುತು ಕಳಿಸುವುದನ್ನು ಸಾವಕಾಶವಾಗಿ ಹೇಳಿಕೊಟ್ಟಳು. ಆಮೇಲೆ, ದಾದಾ, ನೀವು ಸುರಕ್ಷಿತವಾಗಿದ್ದೀರಾ, ಜೊತೆಗೆ ಯಾರಾದರೂ ಇದ್ದಾರಾ ಎಂದು ವಿಚಾರಿಸಿದಳು. ಅವಳು ಎಲ್ಲರಿಗೂ ಕೇಳುವ ಮಾತದು ಎಂದು ಹಾಲಸಿದ್ದನಿಗೆ ಗೊತ್ತಾಯಿತು. ಆದರೂ ಹಿಂದಿನ ಖಾಲಿ ಸೀಟಿನ ಕಡೆಗೆ ನೋಡಿದ.

"ಯಾರೂ ಇಲ್ರಿ. ನಾ ಒಬ್ಬನ ಅದೀನಿ," ಎಂದು ಕನ್ನಡದಲ್ಲೇ ಅಂದುಬಿಟ್ಟ.

ಅವಳಿಗೆ ತಿಳಿಯಿತೋ ಇಲ್ಲವೋ. ಮನುಷ್ಯನನ್ನು ಕಳಿಸುತ್ತೇವೆ, ಅವನು ಬರುವ ತನಕ ಗಾಡಿಯ ಹತ್ತಿರವೇ ಇರಿ, ಎಂದು ಫೋನ್ ಇಟ್ಟಳು.

ಇದ್ದ. ಬಿಸಿಲು ಗರಿಗಳಿಂದ ಇಳಿಯತೊಡಗಿತು. ಗಡಹಿಂಗ್ಲಜದಿಂದ ಹೊರಟ, ನೇಸರಿಯ ಬೋರ್ಡು ಹೊತ್ತ ಬಸ್ಸು ಬಂತು. ಇದನ್ನು ಹತ್ತಿದರೆ ಮುಟ್ಟಬಹುದಿತ್ತು. ಕೈ ಅರ್ಧ ಎತ್ತಿದ. ನಂಬರು ಪಟ್ಟಿಗೆ ಕಟ್ಟಿದ ಪೂಜೆಯ ಹೂವಿನ ಸರ ಇನ್ನೂ ಬಾಡಿರಲಿಲ್ಲ. ಅಂಥ ಗಾಡಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಕೈ ಇಳಿಸಿದ. ಕಿಟಕಿಯಿಂದ ಒಬ್ಬಳು ಅವನನ್ನು ನೋಡಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಕೊನೆಗೆ ಸ್ಕೂಟರಿನ ಮೇಲೆ ಸಾಮಾನಿನ ಚೀಲ ಕಟ್ಟಿಕೊಂಡು ಆಬಾಸಾಹೇಬ ಎಂಬ ಮೇಸ್ತ್ರಿ ಬಂದ. ದಪ್ಪ ಮನುಷ್ಯ, ಇಳಿಯುವ ಮೊದಲೇ ಮಾತು.

"ಮೊಳಿ ಎಲ್ಲೈತಿ?"

ಹಾಲಸಿದ್ದ ಅಂಗೈ ತೆರೆದು ತೋರಿಸಿದ.

"ಯಾಂವ ಕಿತ್ತಾಂವ?"

"ನಾನ ಕಿತ್ತೇನ್ರಿ. ಚುಚ್ಚಿತ್ತಲ್ಲ."

"ಗಾಡಿ ಅಳಾಕತ್ತಿತ್ತೇನು?" ಆಬಾಸಾಹೇಬ ರಸ್ತೆಯ ಮೇಲೆಯೇ ಕೂತು ತೂತಿನೊಳಗೆ ಸಲಾಕೆ ತಿರುಗಿಸತೊಡಗಿದ. "ಇದರಾಗ ಟ್ಯೂಬ್ ಇಲ್ಲ ಭಾವು. ಮೊಳಿ ಇರೂತನಕ ಅದ ಬೂಚು. ಗಾಳಿ ಐತಿ ಅಂದ್ರ ಮುಟ್ಟಬಾರದು, ಸಾವಕಾಶ ಹೊಡಕೊಂತ ಅಂಗಡೀಗಿ ಬರೋದು. ನೀವು ಹಂಗ ಹೋಗಿದ್ರ ನೇಸರಿ ಮುಟ್ಟಿ ಚಹಾ ಕುಡೀತಿದ್ರಿ."

"ಕುರಿ ಕಾಲಾಗ ಬಿಟ್ಟು ನಡಸಾಕ ಬರಂಗಿಲ್ರಿ."

"ಕುರಿ ಆಗಿದ್ರ ನನ್ನ ಯಾಕ ಕರೀತಿದ್ರಿ?"

ಅಂಟಿನ ಬತ್ತಿ ತುರುಕಿ, ಹೆಚ್ಚಾದದ್ದನ್ನು ಕೊಯ್ದು, ಗಾಳಿ ತುಂಬುತ್ತ ಅವನು ಹೇಳುತ್ತಲೇ ಹೋದ. ಗಾಳಿ ನೋಡಿಸುವುದಾದರೆ ಮುಂಜಾನೆ, ಟೈರು ತಣ್ಣಗಿದ್ದಾಗ. ಹೊಸ ಟೈರು ಜಾರುತ್ತದೆ, ಮೊದಮೊದಲು ತಿರುವಿನಲ್ಲಿ ಗಾಡಿ ಬಗ್ಗಿಸಬಾರದು. ಹಾಲಸಿದ್ದ ಪ್ರತಿಯೊಂದಕ್ಕೂ ಹೌದ್ರಿ ಅನ್ನುತ್ತಿದ್ದ. ಕಣ್ಣು ಮಾತ್ರ ಪಡುವಣದ ಕಡೆಗಿತ್ತು.

"ಯಾರರ ಕಾಯಾಕತ್ತಾರೇನು?"

"ಹೌದ್ರಿ," ಅಂದ. ಆಮೇಲೆ, "ಕಾದಿರಬೇಕ್ರಿ," ಅಂದ.

ಹೊಲದ ಬದುವಿಗೆ ಬಂದು ಎಂಜಿನ್ ನಿಲ್ಲಿಸಿದಾಗ ಮುಸ್ಸಂಜೆ ಕಪ್ಪಾಗುತ್ತಿತ್ತು. ದೀಪ ಹಚ್ಚಿ ಆಗಿತ್ತು. ದೊಡ್ಡಪ್ಪನ ದನಿ ಕೇಳಿಸಿತು: ದಾರಿಯಿಲ್ಲದ ಗುಡ್ಡದಾಗ ಸ್ವಾಮಿ ಒಬ್ಬನ ನಿಂತಾನ. ಹಾಲಸಿದ್ದನ ಎದೆ ತುಂಬಿ, ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಇನ್ನೊಂದು ದನಿ ಆ ಸಾಲನ್ನು ಹಿಡಿದಿತ್ತು. ಮಲ್ಲಾರಿಯದು ಎಳೆಯ ದನಿ, ಕೊನೆಯಲ್ಲಿ ತುಸು ಅವಸರ. ಆದರೆ ತಪ್ಪಿರಲಿಲ್ಲ.

ಒಲೆಯ ಹತ್ತಿರದಿಂದ ದೊಡ್ಡವ್ವ ಗಂಗುಬಾಯಿ ಎದ್ದು ಬಂದಳು. "ಭಾಳ ಹೊತ್ತು ದಾರಿ ನೋಡಿದ್ನೋ ಅಂವಾ. ಬಸ್ಸಿನ್ಯಾಗೂ ನೀ ಇಳೀಲಿಲ್ಲ."

"ಗಾಡಿ ನಿಂತಿತ್ತು, ದೊಡ್ಡವ್ವ."

"ಒಂದು ಫೋನರ ಹಚ್ಚಬಾರದ?"

"ಯಾರಿಗಿ ಹಚ್ಚಲಿ?"

ಹಿಂಡಿನಲ್ಲಿ ಯಾರ ಹತ್ತಿರವೂ ಫೋನಿರಲಿಲ್ಲ. ಅವಳು ಅವನ ಬೆನ್ನಿಗೆ ಕೈ ಹಚ್ಚಿ ದೀಪದ ಕಡೆಗೆ ನೂಕಿದಳು.

ಕೇಳಲು ಬಂದ ಊರ ಮಂದಿ ಹಿಂದುಗಡೆ ಕೂತಿದ್ದರು. ಒಬ್ಬ ರೈತ ಕಂಬಳಿಯ ಮೇಲೆ ಸರಿದು ಜಾಗ ಕೊಟ್ಟ. ಹಾಲಸಿದ್ದ ದೇವರಿಗೆ ಕೈಮುಗಿದು ಕೂತ. ಹಾಡುವಾಗಿನ ದೊಡ್ಡಪ್ಪನ ಬೆನ್ನನ್ನು ಅವನು ಈವರೆಗೆ ನೋಡಿರಲಿಲ್ಲ.