ಬುಕ್ಕು-ಗಿಕ್ಕು ಮೇಷ್ಟ್ರು

ನಾನು ಇಂಗ್ಲಿಷ್ ಮೇಷ್ಟ್ರಾಗಲು ಹೊರಟದ್ದು ವಿದ್ಯಾದಾನದ ಹುಚ್ಚಿನಿಂದ ಎಂದು ನೀವು ತಿಳಿದುಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ಸಂಗತಿ ಬೇರೆ. ಪಠ್ಯಪುಸ್ತಕ ಅಚ್ಚು ಹಾಕುವ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕರಡು ತಿದ್ದಿದೆ. ಕಂಪನಿ ಬಾಗಿಲು ಹಾಕಿತು. ಒಂಟಿ ಗಂಡಸು, ಒಂದು ಸೂಟ್‌ಕೇಸು ಹಿಡಿದುಕೊಂಡು ತಂಗಿಯ ಮನೆಗೆ ಬಂದೆ.

"ಅಣ್ಣನಿಗೆ ಒಂದು ರೂಮು ಅಂತ ಬೇಡ್ವಾ?" ಎಂದ ತಂಗಿ ತನ್ನ ಮಗಳನ್ನು ಪುಸ್ತಕಗಳ ಸಮೇತ ಅಡುಗೆಮನೆಗೆ ಸಾಗಹಾಕಿ, ಅವಳ ಕೋಣೆಯನ್ನು ನನಗೆ ಬಿಟ್ಟುಕೊಟ್ಟಳು. "ಅಯ್ಯೋ, ಯಾಕಮ್ಮ ಇದೆಲ್ಲ?" ಎನ್ನುತ್ತಲೇ ನಾನು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದೆ.

ಈ ಹುಡುಗಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ವಾದಕ್ಕೆ ನಿಂತಳೆಂದರೆ ಎದುರಿನವರು ಉಗುಳು ನುಂಗಬೇಕು. ಓದಲು ಹೊರಟಿದ್ದು ಮಾತ್ರ ಡಾಕ್ಟರಿಕೆ. ಪ್ರವೇಶ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಒಂದು ಕಡೆ ಕುಕ್ಕರ್ ಕೂಗು, ಇನ್ನೊಂದು ಕಡೆ ಮಿಕ್ಸಿ ಗಲಾಟೆ, ನಡುವೆ ಎರಡೂ ಕಿವಿ ಮುಚ್ಚಿಕೊಂಡು ಇವಳು ಮೂಳೆಗಳ ಹೆಸರು ಉರು ಹೊಡೆಯುತ್ತಿದ್ದಳು. ನೋಡಲಾಗಲಿಲ್ಲ. ಇವಳ ಪರೀಕ್ಷೆಗೆ ಮೊದಲು ಹೇಗಾದರೂ ಮಾಡಿ ಬೇರೆ ಕಡೆ ಕೆಲಸ ಹಿಡಿದು ಆ ಕೋಣೆ ಖಾಲಿ ಮಾಡಲೇಬೇಕು ಎಂದು ಶಪಥ ಮಾಡಿದೆ. ಶಪಥ ಮಾಡಿ, ಅದೇ ಕೋಣೆಯ ಬಾಗಿಲು ಹಾಕಿಕೊಂಡು ಒಂದು ನಿದ್ದೆ ತೆಗೆದೆ.

ಏಷ್ಯಾದಲ್ಲೆಲ್ಲ ಇಂಗ್ಲಿಷ್ ಮೇಷ್ಟ್ರುಗಳಿಗೆ ಬೇಡಿಕೆ ಇದೆ, ಆದರೆ ಒಂದು ಸರ್ಟಿಫಿಕೇಟು ಬೇಕು ಎಂದು ಇಂಟರ್‌ನೆಟ್ ಹೇಳಿತು. ಅದರಲ್ಲಿ ಎರಡು ಬಗೆ. ಒಂದು, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮುಗಿಸುವ ನೂರ ಇಪ್ಪತ್ತು ಗಂಟೆಯದು. ಇನ್ನೊಂದು, ನಾಲ್ಕು ವಾರ ದಿನಾ ಹೋಗಿ, ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತ ಪರೀಕ್ಷಕರಿಂದ ಬೈಸಿಕೊಳ್ಳುವುದು. ಮೊದಲನೆಯದರ ಮೇಲೆ ಅಂಗೈಯಗಲದ ಬಂಗಾರ ಬಣ್ಣದ ಮುದ್ರೆ ಇತ್ತು.

"ಮಾಮ, ಅದ್ರಲ್ಲಿ ಒಬ್ಬ ಸ್ಟೂಡೆಂಟೂ ಇಲ್ಲ. ಯಾರಿಗೆ ಪಾಠ ಮಾಡ್ತೀಯ, ಗೋಡೆಗಾ?" ಎಂದಳು ಲಾಯರಮ್ಮ.

"ಇಂಗ್ಲಿಷನ್ನ ಅರೆದು ಕುಡಿದೋನು ಕಣೇ ನಾನು. ನನ್ನ ಹಿಂದೆ ಕೂತು ಯಾರು ಏನು ನೋಡ್ಬೇಕು?" ಎಂದೆ.

ನೂರ ಇಪ್ಪತ್ತು ಗಂಟೆಯ ಓದು ನಾಲ್ಕೇ ದಿನದಲ್ಲಿ ಮುಗಿಯಿತು. ತೊಂಬತ್ತೆಂಟು ಅಂಕ. ಮುದ್ರೆಯನ್ನು ಬಣ್ಣದಲ್ಲೇ ಪ್ರಿಂಟ್ ಹಾಕಿಸಿದೆ. ಬಾಗಿಲು ಹಾಕಿದ ಕೋಣೆಯಲ್ಲಿ, ಲಾಯರಮ್ಮನ ಮೇಜಿನ ಮೇಲೆ ಮೊಣಕೈ ಊರಿ, ಏಷ್ಯಾದ ಈ ತುದಿಯಿಂದ ಆ ತುದಿಯವರೆಗೆ ನಲವತ್ತು ಶಾಲೆಗಳಿಗೆ ಅರ್ಜಿ ಬರೆದೆ. ಮೂವತ್ತೇಳು ಶಾಲೆಗಳು ತುಟಿ ಪಿಟಕ್ಕೆನ್ನಲಿಲ್ಲ. ಉಳಿದ ಮೂರೂ ಒಂದೇ ಪ್ರಶ್ನೆ ಕೇಳಿದವು: ಯಾರಾದರೂ ನೋಡುತ್ತಿರುವಾಗ ಎಷ್ಟು ಗಂಟೆ ಪಾಠ ಮಾಡಿದ್ದೀರಿ? ಮುದ್ರೆಯ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ.

ಅಷ್ಟರಲ್ಲಿ ಎರಡು ತಿಂಗಳು ಕೈಬಿಟ್ಟು ಹೋಗಿತ್ತು. ಜಂಭವನ್ನು ಮಡಚಿಟ್ಟು ನಾಲ್ಕು ವಾರದ ತರಬೇತಿಗೆ ಸೇರಿದೆ. ಸೈಕಲ್ ಅಂಗಡಿಯ ಮೇಲಿನ ಮಹಡಿ, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಅಲುಗಾಡುವ ಬಿಳಿ ಬೋರ್ಡು. ಬೇರೆ ಬೇರೆ ದೇಶಗಳಿಂದ ದುಡಿಯಲು ಬಂದವರು ಅಲ್ಲಿ ಪುಕ್ಕಟೆ ಪಾಠಕ್ಕೆ ಬರುತ್ತಿದ್ದರು: ಒಬ್ಬ ಕ್ಷೌರಿಕ, ಒಬ್ಬಳು ನರ್ಸು, ಒಬ್ಬ ಲಾರಿ ಡ್ರೈವರ್, ಹೀಗೆ. ಪರೀಕ್ಷಕಿ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ಸಣಕಲು ಹೆಂಗಸು. ಮೇಷ್ಟ್ರು ಮಾತಾಡಿದಷ್ಟೂ ಪಾಠ ಕೆಡುತ್ತದೆ ಎನ್ನುವುದು ಆಕೆಯ ಸಿದ್ಧಾಂತ. ನನ್ನ ಮೊದಲ ಪಾಠ ಮುಗಿದ ಮೇಲೆ ಚೀಟಿ ಕೊಟ್ಟರು: ಮೇಷ್ಟ್ರ ಮಾತು ಮೂವತ್ತಾರು ನಿಮಿಷ, ವಿದ್ಯಾರ್ಥಿಗಳದ್ದು ನಾಲ್ಕು. ಅದರಲ್ಲಿ ಎರಡು ನಿಮಿಷ ಕೆಮ್ಮು.

ಕೊರೆಯುವುದು ಹುಟ್ಟುಗುಣವೆಂದು ಬಿಡಿ, ಅದಕ್ಕಿಂತ ದೊಡ್ಡ ಅನಾಹುತವೊಂದು ನನಗೇ ಗೊತ್ತಿಲ್ಲದೆ ನಡೆದಿತ್ತು. ಅವಸರ ಬಿದ್ದಾಗ ನನ್ನ ಇಂಗ್ಲಿಷಿಗೆ ಕನ್ನಡದ ಬಾಲ ಅಂಟಿಕೊಳ್ಳುತ್ತದೆ. "ಓಪನ್ ಯುವರ್ ಬುಕ್ಕು-ಗಿಕ್ಕು, ಟೇಕ್ ಯುವರ್ ಪೆನ್ನು-ಗಿನ್ನು" ಎಂದು ದಿನಾ ಹೇಳಿದ್ದೇನಂತೆ. ಮೇಷ್ಟ್ರು ಹೇಳಿದ್ದನ್ನು ಶ್ರದ್ಧೆಯಿಂದ ಬರೆದುಕೊಳ್ಳುವ ಜನ ಅವರು. ಕೊನೆಯ ಪಾಠದ ದಿನ, ಅದರಲ್ಲಿ ಪಾಸಾದರೆ ಮಾತ್ರ ಸರ್ಟಿಫಿಕೇಟು ಎನ್ನುವ ದಿನ, ನರ್ಸಮ್ಮ ಎದ್ದು ನಿಂತು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, "ಕ್ಷಮಿಸಿ ಟೀಚರ್, ಇವತ್ತು ಪೆನ್ನು-ಗಿನ್ನು ಮರೆತು ಬಂದೆ" ಎಂದಳು.

ಹಿಂದಿನ ಕುರ್ಚಿಯಲ್ಲಿ ಪರೀಕ್ಷಕಿ ಬರೆಯುವ ಸದ್ದು ನಿಂತಿತು. ಕ್ಷೌರಿಕ ಕೈಯೆತ್ತಿದ. "ಪೆನ್ನು ಗೊತ್ತು. ಈ ಗಿನ್ನು ಯಾವುದು? ಡಿಕ್ಷನರಿಯಲ್ಲಿ ಜಿ-ಐ-ಎನ್ ಅಂದ್ರೆ ಹೆಂಡ ಅಂತ ಇದೆ."

ನನ್ನ ಎರಡೂ ಕಿವಿ ಕಾದ ಹೆಂಚಾದವು. ಇಪ್ಪತ್ತೆರಡು ವರ್ಷ ಲೋಕದ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಹೆಕ್ಕಿದವನು, ಒಂದು ತರಗತಿಗೆ ತರಗತಿಯನ್ನೇ ಕೆಡಿಸಿದ್ದೆ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ. ಅದು ಇಂಗ್ಲಿಷೇ ಅಲ್ಲ, ನಮ್ಮ ಭಾಷೆಯ ಚಾಳಿ, ಪೆನ್ನು ಮತ್ತು ಅದರಂಥ ಇತರ ವಸ್ತುಗಳು ಎನ್ನಲು ಹಾಗೆ ಹೇಳುತ್ತೇವೆ, ತಪ್ಪು ನನ್ನದು ಎಂದೆ.

ಕ್ಷೌರಿಕ ತೊಡೆ ತಟ್ಟಿಕೊಂಡು ನಕ್ಕ. ಅವನ ಭಾಷೆಯಲ್ಲೂ ಹಾಗೇ ಇದೆಯಂತೆ, ಆದರೆ ಎರಡನೆಯ ಸಲ ಮೊದಲಿಗೆ 'ಮ' ಬರಬೇಕಂತೆ, ಪೆನ್ನು-ಮೆನ್ನು ಎಂದು. 'ಮ' ಎಲ್ಲಿಯಾದರೂ ಉಂಟೇ, 'ವ' ಬರಬೇಕು ಎಂದು ಡ್ರೈವರ್ ತಿರುಗಿಬಿದ್ದ. ನರ್ಸಮ್ಮ ತನ್ನ ಭಾಷೆಯದನ್ನು ಬರೆದು ತೋರಿಸಲು ಬೋರ್ಡಿಗೇ ನುಗ್ಗಿದಳು. ಯಾರಿಗೂ ಇನ್ನೊಬ್ಬರ ಭಾಷೆ ಬಾರದು, ಹಾಗಾಗಿ ಜಗಳವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕಾಯಿತು. ನಾನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಜಾಣತನದಿಂದಲ್ಲ, ನಾಚಿಕೆಯಿಂದ.

ಚೀಟಿ ಬಂತು. ಮೇಷ್ಟ್ರ ಮಾತು ಆರು ನಿಮಿಷ, ವಿದ್ಯಾರ್ಥಿಗಳದ್ದು ಮೂವತ್ತನಾಲ್ಕು. ಅಂದಿನ ಪಾಠ 'ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳುವುದು' ಎಂದಾಗಬೇಕಿತ್ತು. ಸ್ಟೇಷನ್ನನ್ನು ಯಾರೂ ತಲುಪಲಿಲ್ಲ ಎಂದು ಪರೀಕ್ಷಕಿ ಬರೆದಿದ್ದರು. ಕೆಳಗೆ, ಪಾಸು.

ಹತ್ತು ದಿನದಲ್ಲಿ ಕೆಲಸವೂ ಸಿಕ್ಕಿತು. ಏಷ್ಯಾದ ಆ ತುದಿಯ ಒಂದು ಶಾಲೆಯ ಹೆಡ್‌ಮಾಸ್ಟರು ವಿಡಿಯೋದಲ್ಲಿ ಮಾತಾಡಿ, ಆ ಚೀಟಿ ಓದಿ ಹೊಟ್ಟೆ ತುಂಬ ನಕ್ಕು, ಬನ್ನಿ ಎಂದರು. ನಲವತ್ತು ದಿನ ಬಿಟ್ಟು ಸೇರಬೇಕು. ನಾನು ಕ್ಯಾಲೆಂಡರ್ ನೋಡಿದೆ. ಲಾಯರಮ್ಮನ ಪರೀಕ್ಷೆಗೆ ಉಳಿದಿದ್ದು ಇಪ್ಪತ್ತು ದಿನ.

ಅಡುಗೆಮನೆಗೆ ಹೋಗಿ ಸುದ್ದಿ ಹೇಳಿದೆ. ತಂಗಿ ಒಗ್ಗರಣೆ ಸೌಟು ಹಿಡಿದೇ ಕುಣಿದಳು. ನನಗೆ ಮಾತ್ರ ಅಳು ಬಂತು.

"ಕ್ಷಮಿಸಮ್ಮ ಲಾಯರಮ್ಮ. ನಿನ್ನ ಪರೀಕ್ಷೆಗೆ ಮೊದಲೇ ನಿಂಗೆ ರೂಮು ಬಿಟ್ಟುಕೊಡ್ಬೇಕು ಅಂತಾನೇ ನಾನು ಇಷ್ಟೆಲ್ಲ ಒದ್ದಾಡಿದ್ದು. ಆಗ್ಲಿಲ್ಲ ನೋಡು."

ಅವಳು ಪುಸ್ತಕದಿಂದ ತಲೆಯೆತ್ತಿದಳು. "ರೂಮು ಬಿಡೋಕೆ ಏಷ್ಯಾದ ಆ ತುದಿಗೆ ಹೋಗ್ತಿದ್ಯಾ ಮಾಮ?"

"ಹೂಂ."

"ಇಷ್ಟು ದಿನ ಬಾಗಿಲು ಹಾಕ್ಕೊಂಡು ಅಲ್ಲಿ ಏನು ಮಾಡ್ತಿದ್ದೆ?"

"ಅರ್ಜಿ ಬರೀತಿದ್ದೆ."

"ಇಲ್ಲಿ ಕೂತು ಬರೆಯೋಕೆ ಬರ್ತಿರ್ಲಿಲ್ವಾ?"

ನಾನು ಕೋಣೆಯ ಬಾಗಿಲ ಕಡೆ ನೋಡಿದೆ. ಕೋಣೆಯಿಂದ ಅಡುಗೆಮನೆಗೆ ಒಂಬತ್ತು ಹೆಜ್ಜೆ. ಇಡೀ ಏಷ್ಯಾವನ್ನು ಜಾಲಾಡಿದ ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ.

"ಮೊದಲೇ ಹೇಳೋದಲ್ವೇನೇ?" ಎಂದೆ.

"ಅಮ್ಮ ನನ್ನ ಬಾಯಿ ಮುಚ್ಚಿಸ್ತಿದ್ಳು," ಎಂದಳು. ಆಮೇಲೆ, ವಾದ ಮಾಡುವ ದನಿಯಲ್ಲಲ್ಲ, ಮೆಲ್ಲಗೆ, "ನೀನೇ ಹೇಳ್ತೀಯ ಅಂತ ದಿನಾ ಕಾದೆ ಮಾಮ" ಎಂದಳು.

ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅವಳ ಪುಸ್ತಕಗಳನ್ನು ಎದೆಗವಚಿಕೊಂಡು ಕೋಣೆಯ ಕಡೆ ನಡೆದೆ.