ಎರಡು ಬೆರಳಗಲದ ಬಿಳಿ ಪಟ್ಟಿ

ನಮ್ಮ ರಾಜ್ಯದ ಬಾವುಟದಲ್ಲಿ ಮೇಲೆ ನೀಲಿ, ಕೆಳಗೆ ಹಳದಿ, ನಡುವೆ ಎರಡು ಬೆರಳಗಲ ಬಿಳಿ. ನೀಲಿ ಅಂದರೆ ಕಡಲ ತೀರದವರು, ಹಳದಿ ಅಂದರೆ ಬಯಲಿನಲ್ಲಿ ಧಾನ್ಯ ಬೆಳೆಯುವವರು. ಈ ಎರಡು ಸೀಮೆ ಸೇರಿಯೇ ರಾಜ್ಯವಾದದ್ದು. ಬಿಳಿ ಅಂದರೆ ಶಾಂತಿ. ಹಾಗಂತ ನಮ್ಮ ಹೊಲಿಗೆಮನೆ ನೋಡಲು ಬರುವ ಶಾಲೆಯ ಮಕ್ಕಳಿಗೆ ಹನ್ನೆರಡು ವರ್ಷದಿಂದ ನಾನೇ ಗಂಟಲು ಹರಿದುಕೊಂಡು ಹೇಳುತ್ತಾ ಬಂದಿದ್ದೆ. ರಾಜ್ಯದ ಬಾವುಟಗಳನ್ನೆಲ್ಲ ಹೊಲಿಯುವುದು ಇಲ್ಲೇ, ಮೇಲ್ವಿಚಾರಣೆ ನನ್ನದು. ಮೊಟ್ಟಮೊದಲ ಬಾವುಟ ಹೊಲಿದದ್ದು ಮಾತ್ರ ನಮ್ಮತ್ತೆ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಈಗ ಎಂಬತ್ತು ದಾಟಿದೆ. ಕಿಟಕಿ ಪಕ್ಕ ಕೂತು ಎಲ್ಲರ ಹೊಲಿಗೆಗೂ ಕೊಂಕು ತೆಗೆಯುವುದೇ ಅವರ ಕೆಲಸ.

ಹೋದ ತಿಂಗಳು ಬಾವುಟ ಸಮಿತಿಯ ಗುಮಾಸ್ತರು ಕಡತ ಹಿಡಿದು ಬಂದರು. ಬಾವುಟವನ್ನು ಸರಳ ಮಾಡಬೇಕಂತೆ. ಬಿಳಿ ಪಟ್ಟಿಗೆ ಯಾವ ದಾಖಲೆಯಲ್ಲೂ ಅರ್ಥ ಸಿಕ್ಕಿಲ್ಲವಂತೆ. ಅರ್ಥವಿದ್ದರೆ ಉಳಿಸುತ್ತಾರೆ, ಇಲ್ಲದಿದ್ದರೆ ತೆಗೆಯುತ್ತಾರೆ.

"ಶಾಂತಿ," ನಾನು ಥಟ್ಟನೆ ಹೇಳಿದೆ.

"ಆ ಅರ್ಥ ಯಾರೋ ಆಮೇಲೆ ಸೇರಿಸಿದ್ದು ಮೇಡಂ. ಹೊಲಿದವ್ರೇ ಹೇಳಿದ್ರೆ ಬರ್ಕೋತೀನಿ, ಅಷ್ಟು ಸಾಕು."

ನಾನು ಅತ್ತೆಗೆ ಕಣ್ಸನ್ನೆ ಮಾಡಿದೆ. ಆ ಪಟ್ಟಿಯೆಂದರೆ ಅವರಿಗೆ ಪ್ರಾಣ. ನೀಲಿ, ಹಳದಿ ಆರಿಸಿದ್ದು ದೊಡ್ಡ ಮನುಷ್ಯರು. ಅತ್ತೆಯದು ಅಂತ ಬಾವುಟದಲ್ಲಿರುವುದು ಅದೊಂದೇ. ಒಂದು ಪದ ಹೇಳಿದ್ದರೆ ಮುಗಿಯುತ್ತಿತ್ತು.

"ಶಾಂತಿನೂ ಇಲ್ಲ ಗೀಂತಿನೂ ಇಲ್ಲ," ಎಂದರು ಅತ್ತೆ. "ನೀಲಿ ಬಟ್ಟೆ ಬಣ್ಣ ಬಿಡ್ತಿತ್ತು. ಹೊಲ್ದು ಬಕೆಟ್‌ನಲ್ಲಿ ನೆನೆಸಿ ನೋಡಿದ್ರೆ ಹಳದಿ ಅಂಚೆಲ್ಲ ಹಸಿರಾಗಿ ಕೂತಿತ್ತು. ಮಾರನೇ ದಿನ ಹಾರಿಸ್ಬೇಕು, ಬೇರೆ ಬಟ್ಟೆ ಇಲ್ಲ. ಹಸಿರಾದಷ್ಟನ್ನ ಕತ್ತರಿಸಿ ಬಿಸಾಕಿ, ಮಧ್ಯ ಬಿಳಿ ಸೇರಿಸ್ದೆ. ಬಿಟ್ರೆ ಬಿಳಿಗೆ ಬಿಡ್ಲಿ ಅಂತ."

"ಬಿಳಿ ಬಟ್ಟೆ ಎಲ್ಲಿ ಸಿಕ್ತು ಅಜ್ಜಿ?" ಗುಮಾಸ್ತರು ಕೇಳಿದರು.

"ನನ್ನ ದಿಂಬಿನ ಚೀಲ."

ಹೊಲಿಯುತ್ತಿದ್ದ ಹೆಂಗಸರೆಲ್ಲ ಯಂತ್ರ ನಿಲ್ಲಿಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಗುಮಾಸ್ತರು ಪೆನ್ನು ಎತ್ತಿ, "ಈಗಿನ ಬಟ್ಟೆ ಬಣ್ಣ ಬಿಡಲ್ಲ ಅಜ್ಜಿ. ಹಾಗೆ ಬರ್ದ್ರೆ ಪಟ್ಟಿ ಹೋಗುತ್ತೆ," ಎಂದು ಮೆಲ್ಲಗೆ ಹೇಳಿದರು. ಪಾಪ, ಅವರೂ ದಾರಿ ತೋರಿಸುತ್ತಿದ್ದರು.

"ಹೋದ್ರೆ ಹೋಗ್ಲಿ. ನಡೆದದ್ದು ನಡೆದ ಹಾಗೇ ಬರ್ಕೊಳ್ಳಿ."

ಎರಡು ದಿನ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ನೋಡುತ್ತೇನೆ, ಹೊಲಿದಿಟ್ಟ ಬಾವುಟವೊಂದನ್ನು ಮಡಿಲಲ್ಲಿಟ್ಟುಕೊಂಡು ಬಿಳಿ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಾರೆ. ಕಣ್ಣು ತುಂಬಿದೆ. ನನ್ನ ಸಿಟ್ಟು ಅಲ್ಲೇ ಇಳಿಯಿತು.

"ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

"ಸುಳ್ಳು ಹೇಳಿ ಉಳಿಸ್ಕೊಂಡ್ರೆ ಅದು ನಂದು ಹೇಗಾಗುತ್ತೆ ಹೇಳು."

ಅಂದಿನಿಂದ ಸಮಿತಿಯ ತೀರ್ಮಾನಕ್ಕೆ ಇಬ್ಬರೂ ಒಟ್ಟಿಗೆ ಕಾದೆವು.

ಮೊನ್ನೆ ಬೆಳಿಗ್ಗೆ ಗುಮಾಸ್ತರು ಮತ್ತೆ ಬಂದರು. "ಪಟ್ಟಿ ತೆಗೀಬೇಕು ಅಂತ ಸಮಿತಿಯಲ್ಲಿ ಎಲ್ರೂ ಒಪ್ಪಿದ್ರು," ಎಂದರು. ಅತ್ತೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. "ಆದ್ರೆ ತೆಗೆದ ಎರಡು ಬೆರಳಗಲ ಯಾರಿಗೆ ಸೇರ್ಬೇಕು? ನೀಲಿಗೆ ಕೊಡಿ ಅಂತ ತೀರದವ್ರು, ಹಳದಿಗೆ ಕೊಡಿ ಅಂತ ಬಯಲಿನವ್ರು."

"ಅರ್ಧರ್ಧ ಮಾಡ್ಬಹುದಿತ್ತಲ್ಲ?" ನಾನು ಕೇಳಿದೆ.

"ಅದನ್ನೂ ಹೇಳಿದ್ವಿ. ನೀಲಿ ಮೊದ್ಲೇ ಮೇಲೆ ಕೂತಿದೆ, ಅದಕ್ಕೆ ಸಮಪಾಲು ಬೇರೆ ಕೇಡು ಅಂತ ಬಯಲಿನವ್ರು ಮೇಜು ಗುದ್ದಿದ್ರು. ಮೂರು ಸಭೆ ಹೀಗೇ ಆಯ್ತು. ಕೊನೆಗೆ ಅಧ್ಯಕ್ಷರು ನಿಮ್ಮ ಹೇಳಿಕೆ ಓದಿಸಿದ್ರು ಅಜ್ಜಿ, ದಿಂಬಿನ ಚೀಲದ ಸಮೇತ. ಕೇಳಿ ಎಲ್ರೂ ನಕ್ರು. ಪಟ್ಟಿ ಅಲ್ಲೇ ಇರ್ಲಿ ಅಂದ್ರು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತದಿರಲಿ ಅಂತ ಇಟ್ಟದ್ದು, ಹೀಗಂತ ದಾಖಲೆ ಆಯ್ತು."

ಅತ್ತೆ ಎದ್ದು, "ಒಂದು ಯಂತ್ರ ಖಾಲಿ ಮಾಡ್ಸು, ಇವತ್ತಿನ ಬಾವುಟ ನಾನು ಹೊಲೀತೀನಿ," ಎಂದರು. ಆರು ವರ್ಷದಿಂದ ಅವರು ಯಂತ್ರ ಮುಟ್ಟಿರಲಿಲ್ಲ. ಬೇಡವೆಂದರೆ ಕೇಳುವವರೇ? ನಾನೇ ನೂಲು ಪೋಣಿಸಿ ಕೊಟ್ಟೆ.

ಮುಗಿಯುವಾಗ ಮಧ್ಯಾಹ್ನವಾಗಿತ್ತು. ಪಟ್ಟಿ ಒಂದು ತುದಿಯಲ್ಲಿ ಎರಡು ಬೆರಳು, ಇನ್ನೊಂದು ತುದಿಯಲ್ಲಿ ಎರಡೂವರೆ. ನಡುವೆ ಹೊಲಿಗೆ ಎರಡು ಕಡೆ ದಾರಿ ತಪ್ಪಿತ್ತು. ಎಳೆಯಷ್ಟು ವಾರೆಯಾದರೂ ಬಿಚ್ಚಿಸಿ ಮತ್ತೆ ಹೊಲಿಸುವವಳು ನಾನು. ಎಲ್ಲರೂ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?" ಅತ್ತೆ ಕೇಳಿದರು.

"ನೆಟ್ಟಗಿದೆ ಅತ್ತೆ."

ಅವರು ಪಟ್ಟಿಯ ಉದ್ದಕ್ಕೂ ಬೆರಳು ಎಳೆದು ನೋಡಿದರು. "ಸುಳ್ಳುಬುರುಕಿ. ವಾರೆಯಾಗಿದೆ, ನಂಗೊತ್ತು," ಎಂದರು. ಆಮೇಲೆ ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ, "ಬಿಚ್ಚಬೇಡ," ಎಂದರು.

ನಾನು ಮೂಲೆಗೆ 'ಸರಿಯಿದೆ' ಎಂಬ ಮುದ್ರೆ ಒತ್ತಿ, ಆ ಬಾವುಟವನ್ನು ಉಳಿದವುಗಳ ಜೊತೆ ಮಡಿಸಿಟ್ಟೆ.